ಅಂಗಡಿಯ ಬೋರ್ಡ್: ಹೆಸರೋ, ಜಾಹೀರಾತೋ?

ಮೈಸೂರಿನಲ್ಲಿ ಅಂಗಡಿ ತೆರೆಯುವವರು ಮೊದಲು ಮುಹೂರ್ತ ಕೇಳುತ್ತಾರೆ, ಆಮೇಲೆ ಬೋರ್ಡ್ ಮಾಡುವವನನ್ನು ಹುಡುಕುತ್ತಾರೆ, ಎಲ್ಲ ಮುಗಿದ ಮೇಲೆ ಪಾಲಿಕೆಯ ನೆನಪಾಗುತ್ತದೆ. ಪೂಜೆಗೆ ನಾಲ್ಕು ದಿನ ಉಳಿದಿರುತ್ತದೆ, ಬೋರ್ಡಿಗೆ ಮುಂಗಡ ಕೊಟ್ಟಾಗಿರುತ್ತದೆ. ಆಗ ಪಕ್ಕದ ಅಂಗಡಿಯವರು ಬಂದು, ‘ಇದಕ್ಕೆ ಅನುಮತಿ ತೆಗೆದುಕೊಂಡಿದ್ದೀರಾ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೌದು, ಇಲ್ಲ ಎನ್ನುವ ಮುನ್ನ ‘ಯಾವ ಬೋರ್ಡಿಗೆ?’ ಎಂದು ತಿರುಗಿ ಕೇಳಬೇಕು. ಕಾನೂನಿನ ಕಣ್ಣಿಗೆ ಎಲ್ಲ ಬೋರ್ಡುಗಳೂ ಒಂದೇ ಅಲ್ಲ.

ನನ್ನ ಸ್ನೇಹಿತರೊಬ್ಬರು ಕುವೆಂಪುನಗರದಲ್ಲಿ ಕಾಫಿಪುಡಿ ಅಂಗಡಿ ತೆರೆಯಲು ಹೊರಟಾಗ ಈ ಪಾಠ ನನಗೂ ಆಯಿತು. ಅವರ ಮನಸ್ಸಿನಲ್ಲಿ ಮೂರು ಬೋರ್ಡುಗಳಿದ್ದವು. ಶಟರ್ ಮೇಲೆ ಹನ್ನೆರಡು ಅಡಿ ಉದ್ದ, ಮೂರು ಅಡಿ ಎತ್ತರದ ಒಂದು ಬೋರ್ಡ್. ಪಕ್ಕದ ಕಂಬಕ್ಕೆ ತಂಪು ಪಾನೀಯದ ಕಂಪನಿಯೊಂದು ಪುಕ್ಕಟೆಯಾಗಿ ಕೊಡುತ್ತೇನೆ ಎಂದಿದ್ದ, ಮುಕ್ಕಾಲು ಪಾಲು ಬಾಟಲಿಯ ಚಿತ್ರವೂ ಕಾಲು ಪಾಲು ಅಂಗಡಿಯ ಹೆಸರೂ ಇರುವ ಇನ್ನೊಂದು. ಮೂರನೆಯದು ತಾರಸಿಯ ಮೇಲೆ, ಕಬ್ಬಿಣದ ಚೌಕಟ್ಟಿನಲ್ಲಿ, ದೂರದ ರಸ್ತೆಯಿಂದಲೂ ಕಾಣುವಂತೆ. ಮೂರಕ್ಕೂ ಸೇರಿ ಒಂದು ಅರ್ಜಿ ಬರೆದುಕೊಟ್ಟರೆ ಆಯಿತು ಎಂದು ಅವರು ಅಂದುಕೊಂಡಿದ್ದರು. ನಾನೂ ತಲೆಯಾಡಿಸಿದ್ದೆ.

ಮೈಸೂರು ಮಹಾನಗರ ಪಾಲಿಕೆಗೆ ಅನ್ವಯಿಸುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಅದರ 134ರಿಂದ 139ರವರೆಗಿನ ಸೆಕ್ಷನ್‌ಗಳು ಜಾಹೀರಾತಿನ ಸಂಗತಿ ಹೇಳುತ್ತವೆ. ಆಯುಕ್ತರ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಹಾಕಕೂಡದು ಎನ್ನುವುದು 135ನೆಯದು. ಯಾವುದಕ್ಕೆ ತೆರಿಗೆ, ಯಾವುದಕ್ಕೆ ವಿನಾಯಿತಿ ಎನ್ನುವುದು 134ನೆಯದು, ಅಂಗಡಿಯವರು ಓದಬೇಕಾದದ್ದು ಅದನ್ನೇ. ಕಿಟಕಿಯ ಗಾಜಿನ ಒಳಗೆ ಇಟ್ಟ ಫಲಕ, ಆ ಕಟ್ಟಡದ ಒಳಗೆ ನಡೆಯುವ ವ್ಯಾಪಾರಕ್ಕೇ ಸಂಬಂಧಿಸಿದ ಫಲಕ, ಕಟ್ಟಡದ ಹೆಸರು ಅಥವಾ ಅಲ್ಲಿರುವವರ ಹೆಸರು ಹೇಳುವ ಫಲಕ, ಇವಕ್ಕೆ ಆ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ ಒಂದು ಷರತ್ತಿದೆ. ಅದು ‘ಸ್ಕೈ ಸೈನ್’ ಆಗಿರಬಾರದು.

ಈ ಸ್ಕೈ ಸೈನ್ ಎನ್ನುವುದು ಹಳೆಯ ಕಾನೂನುಗಳಿಂದ ಇಳಿದುಬಂದ ಮಾತು. ಕಟ್ಟಡದ ಮೇಲೆ ಕಂಬವೋ ಚೌಕಟ್ಟೋ ನಿಲ್ಲಿಸಿ ಅದಕ್ಕೆ ಕಟ್ಟಿದ ಅಕ್ಷರ ಅಥವಾ ಚಿತ್ರ, ರಸ್ತೆಯಲ್ಲಿ ನಿಂತು ನೋಡಿದರೆ ಹಿಂದೆ ಆಕಾಶ ಕಾಣುವಂತಿದ್ದರೆ ಅದು ಸ್ಕೈ ಸೈನ್. ಹಿಂದೆ ಗೋಡೆ ಕಂಡರೆ ಅಲ್ಲ. ಕಾನೂನಿನ ಪುಸ್ತಕದಲ್ಲಿ ಇಷ್ಟು ಸುಲಭವಾಗಿ ಕಣ್ಣಿನಿಂದಲೇ ಪರೀಕ್ಷೆ ಮಾಡಬಹುದಾದ ವ್ಯಾಖ್ಯೆ ಹೆಚ್ಚು ಸಿಗುವುದಿಲ್ಲ.

ಅಂದಮೇಲೆ ನನ್ನ ಸ್ನೇಹಿತರ ಮೂರು ಬೋರ್ಡುಗಳದು ಮೂರು ದಾರಿ. ಶಟರ್ ಮೇಲಿನದು ಅವರ ಹೆಸರು. ಕಾಯ್ದೆ ಅದನ್ನು ಮೃದುವಾಗಿ ನೋಡುತ್ತದೆ. ಕಂಬದ ಮೇಲಿನದು ಪಾನೀಯದ ಕಂಪನಿಯ ಜಾಹೀರಾತು; ಅಂಗಡಿಯ ಹೆಸರು ಅದಕ್ಕೆ ಅಂಟಿದ ಬಾಲ ಮಾತ್ರ. ‘ಬೋರ್ಡ್ ಪುಕ್ಕಟೆ ಸಿಕ್ಕಿತು’ ಎಂದು ಹಿಗ್ಗುವ ಚಿಲ್ಲರೆ ಅಂಗಡಿಗಳವರು ಗಮನಿಸಬೇಕಾದ್ದು ಇದು: ಬೋರ್ಡ್ ಪುಕ್ಕಟೆ, ಅದರ ಶುಲ್ಕ ಪುಕ್ಕಟೆಯಲ್ಲ. ಶುಲ್ಕ ಯಾರು ಕಟ್ಟಬೇಕು ಎನ್ನುವುದನ್ನು ಕಂಪನಿಯ ಪ್ರತಿನಿಧಿಯಿಂದ ಬರವಣಿಗೆಯಲ್ಲಿ ಪಡೆಯದಿದ್ದರೆ ನೋಟಿಸು ಬರುವುದು ಅಂಗಡಿಯ ವಿಳಾಸಕ್ಕೆ. ತಾರಸಿಯ ಮೇಲಿನದರಲ್ಲಿ ಅವರದೇ ಹೆಸರಿದ್ದರೂ ಹಿಂದೆ ಆಕಾಶವಿದೆ. ವಿನಾಯಿತಿ ಅಲ್ಲಿಗೆ ಮುಗಿಯಿತು.

ಇಲ್ಲೊಂದು ಎಡವಟ್ಟಿದೆ. ವಿನಾಯಿತಿ ಎಂದರೆ ತೆರಿಗೆಯಿಂದ ವಿನಾಯಿತಿ. ಅಳತೆ, ಎತ್ತರ, ಬೆಳಕು, ಕಾಲುದಾರಿಯ ಮೇಲೆ ಚಾಚುವುದು ಇವೆಲ್ಲ ಪಾಲಿಕೆಯ ಬೈಲಾಗಳಿಗೆ ಸೇರಿದ ಸಂಗತಿ, ಅವು ಹೆಸರಿನ ಫಲಕಕ್ಕೂ ಅನ್ವಯಿಸಬಹುದು. ಆದ್ದರಿಂದ ವಲಯ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ: ‘ಈ ಬೋರ್ಡಿಗೆ ಶುಲ್ಕವಿದೆಯೇ?’ ಮತ್ತು ‘ಈ ಬೋರ್ಡಿಗೆ ಅನುಮತಿ ಬೇಕೇ?’ ಎರಡನ್ನೂ ಒಟ್ಟಿಗೆ ಕೇಳಿದರೆ ಒಂದಕ್ಕೆ ಮಾತ್ರ ಉತ್ತರ ಬರುತ್ತದೆ, ಅದು ಯಾವುದಕ್ಕೆಂದು ಮನೆಗೆ ಬಂದ ಮೇಲೆ ಗೊತ್ತಾಗುವುದಿಲ್ಲ.

ಕಚೇರಿಗೆ ಹೋಗುವ ಮುಂಚೆ ನಿಮ್ಮ ಅಂಗಡಿ ಯಾರ ಗಡಿಯೊಳಗಿದೆ ಎಂದು ನೋಡಿಕೊಳ್ಳಿ. ಮೈಸೂರು ಬೆಳೆದಷ್ಟು ವೇಗವಾಗಿ ಅದರ ಗಡಿ ಬೆಳೆಯಲಿಲ್ಲ. ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು, ಇವನ್ನೆಲ್ಲ ಪಾಲಿಕೆಯೊಳಗೆ ಸೇರಿಸುವ ಮಾತೂ ನಡೆದುಬಂದಿದೆ. ಅಂಚೆ ವಿಳಾಸದಲ್ಲಿ ‘ಮೈಸೂರು’ ಎಂದಿದ್ದ ಮಾತ್ರಕ್ಕೆ ಅಂಗಡಿ ಪಾಲಿಕೆಯದಾಗುವುದಿಲ್ಲ. ಇತ್ತೀಚಿನ ಕಂದಾಯದ ರಸೀದಿಯ ತಲೆಬರಹ ನೋಡಿ, ಅಲ್ಲಿ ಯಾರ ಹೆಸರಿದೆಯೋ ಅವರ ಬಳಿಗೆ ಹೋಗಿ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಮಂಡ್ಯದ ಪೇಟೆ ಬೀದಿಯಲ್ಲಿ ಅಂಗಡಿ ಇಡುವವರು ಮೈಸೂರಿನ ನೆಂಟರ ಅರ್ಜಿಯನ್ನು ನಕಲು ಮಾಡಿಕೊಂಡು, ಸೆಕ್ಷನ್ 135 ಎಂದು ಬರೆದರೆ ಅದು ಬೇರೆ ಕಾಯ್ದೆಯ ಸೆಕ್ಷನ್ ಆಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಾದರೆ ಹೆದ್ದಾರಿಯವರ ಜಾಗದ ಪ್ರಶ್ನೆ ಬೇರೆಯೇ ಇದೆ. ರಸ್ತೆಯ ಜಾಗದೊಳಗೆ ಕಂಬ ನೆಡಲು ಪುರಸಭೆಯ ಒಪ್ಪಿಗೆ ಸಾಕಾಗುವುದಿಲ್ಲ.

ಕಾಗದಗಳ ವಿಚಾರ ಅಷ್ಟೇನೂ ಕಷ್ಟದ್ದಲ್ಲ. ಉದ್ದಿಮೆ ಪರವಾನಗಿಯ ಪ್ರತಿ, ಕಂದಾಯ ರಸೀದಿ, ಖಾತೆಯ ಪ್ರತಿ, ಬಾಡಿಗೆ ಕರಾರು, ಕಟ್ಟಡದ ಮುಂಭಾಗದ ಫೋಟೊ, ಬೋರ್ಡಿನ ಅಳತೆಯ ನಕ್ಷೆ ಇಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಕೊಂಡರೆ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರುತ್ತದೆ. ಉದ್ದಿಮೆ ಪರವಾನಗಿ ಇದ್ದರೆ ಬೋರ್ಡಿಗೂ ಅನುಮತಿ ಸಿಕ್ಕಂತೆ ಎಂದು ಅನೇಕರು ತಿಳಿದಿದ್ದಾರೆ. ಅದು ಅಂಗಡಿಯ ಒಳಗೆ ಏನು ನಡೆಯುತ್ತದೆ ಎನ್ನುವುದಕ್ಕೆ ಕೊಟ್ಟ ಪರವಾನಗಿ. ಹೊರಗೆ ಏನು ತೂಗುತ್ತದೆ ಎನ್ನುವುದು ಬೇರೆ. ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿಗಳ ಕಾಯ್ದೆಯ ಪ್ರಕಾರ ಮಾಡಿಸುವ ನೋಂದಣಿ ಮೂರನೆಯದು.

ಮಾಲೀಕರ ಒಪ್ಪಿಗೆ ಪತ್ರವನ್ನು ಮಾತ್ರ ಹಗುರವಾಗಿ ನೋಡಬೇಡಿ. ಬಾಡಿಗೆ ಕರಾರಿನಲ್ಲಿ ಅಂಗಡಿಯ ಒಳಗಿನ ಚದರಡಿ ಬರೆದಿರುತ್ತದೆ, ಹೊರಗಿನ ಗೋಡೆಯ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಸೆಕ್ಷನ್ 137ರ ಪ್ರಕಾರ ಅನುಮತಿ ಇಲ್ಲದ ಜಾಹೀರಾತು ಕಂಡರೆ, ಆ ಕಟ್ಟಡದ ಮಾಲೀಕರೋ ಅನುಭವದಲ್ಲಿರುವವರೋ ಅದನ್ನು ಹಾಕಿದರು ಎಂದೇ ಕಾಯ್ದೆ ಭಾವಿಸುತ್ತದೆ. ತಾವು ಹಾಕಲಿಲ್ಲ ಎಂದು ತೋರಿಸುವ ಹೊರೆ ಅವರ ಮೇಲೇ ಇದೆ. ಇದನ್ನು ತಿಳಿದ ಮಾಲೀಕರು ಬೋರ್ಡಿನ ಹೆಸರೆತ್ತಿದರೆ ಮುಖ ಗಂಟು ಹಾಕುತ್ತಾರೆ, ಅದು ಅವರ ತಪ್ಪಲ್ಲ. ಎಷ್ಟು ಉದ್ದಗಲದ ಬೋರ್ಡ್, ಗೋಡೆಗೆ ಎಷ್ಟು ತೂತು, ಖಾಲಿ ಮಾಡುವಾಗ ಯಾರು ಮುಚ್ಚಿಕೊಡಬೇಕು, ಇಷ್ಟನ್ನು ಕರಾರಿನಲ್ಲೇ ಬರೆದರೆ ಇಬ್ಬರಿಗೂ ನಿದ್ದೆ.

ಇನ್ನು ಕನ್ನಡದ ಲೆಕ್ಕ. ಇದನ್ನು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಟೇಪು ಹಿಡಿದು ಅಳೆದು ನೋಡಿದವರು ಕಡಿಮೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂದು, ವಾಣಿಜ್ಯ ಸಂಸ್ಥೆಗಳು, ಆಸ್ಪತ್ರೆಗಳು, ಹೋಟೆಲುಗಳು ಮುಂತಾದವುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಮೀರಿದರೆ ಮೊದಲ ಸಲ 5,000 ರೂಪಾಯಿವರೆಗೆ, ಎರಡನೆಯ ಸಲ 10,000ದವರೆಗೆ ದಂಡ, ಅದರ ಮೇಲೂ ಮೀರಿದರೆ 20,000ದವರೆಗೆ ದಂಡದ ಜೊತೆಗೆ ಪರವಾನಗಿಗೇ ಕುತ್ತು.

ಈಗ ನಮ್ಮ ಕಾಫಿ ಅಂಗಡಿಯ ಬೋರ್ಡನ್ನೇ ತೆಗೆದುಕೊಳ್ಳಿ. ಹನ್ನೆರಡು ಗುಣಿಸು ಮೂರು, ಒಟ್ಟು 36 ಚದರಡಿ. ಅದರ ಶೇ 60 ಎಂದರೆ 21.6 ಚದರಡಿ. ಬೋರ್ಡನ್ನು ಅಡ್ಡವಾಗಿ ಎರಡು ಪಟ್ಟಿ ಮಾಡಿದರೆ ಮೇಲಿನ ಕನ್ನಡದ ಪಟ್ಟಿ ಸುಮಾರು ಒಂದು ಅಡಿ ಒಂಬತ್ತೂವರೆ ಇಂಚು, ಕೆಳಗೆ ಉಳಿಯುವುದು ಒಂದು ಅಡಿ ಎರಡೂವರೆ ಇಂಚು. ಇಂಗ್ಲಿಷ್ ಹೆಸರು, ಲೋಗೊ, ಮೊಬೈಲ್ ನಂಬರು, ‘1 ಕೆ.ಜಿ.ಗೆ ಇಷ್ಟು’ ಎಂಬ ಘೋಷಣೆ ಎಲ್ಲ ಆ ಕೆಳಗಿನ ಪಟ್ಟಿಯಲ್ಲಿ ಕೂರಬೇಕು. ಬೋರ್ಡ್ ಮಾಡುವವರು ಮೊದಲು ಲೋಗೊವನ್ನು ಎಡಕ್ಕೆ ದೊಡ್ಡದಾಗಿ ಇಟ್ಟು, ಉಳಿದದ್ದರಲ್ಲಿ ಅರವತ್ತು–ನಲವತ್ತು ಮಾಡಿ ತೋರಿಸುತ್ತಾರೆ. ಇಡೀ ಬೋರ್ಡನ್ನು ಅಳೆದರೆ ಕನ್ನಡ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಅಳತೆಯಲ್ಲಿ ಗೆದ್ದರೂ ಕಣ್ಣಿಗೆ ಸೋಲುವ ಕನ್ನಡವೂ ಇದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದ ಪೆಟ್ಟಿಗೆಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ನಮ್ಮ ಲಿಪಿ ಹಾಗಲ್ಲ. ‘ಕಾಫಿ ವರ್ಕ್ಸ್’ ಎಂದು ಬರೆಯಿರಿ: ಫಿಯ ಗುಡಿಸಿಗೆ ಮೇಲೆ ಜಾಗ ಬೇಕು, ವರ್ಕ್ಸ್‌ನ ಒತ್ತಿಗೆ ಕೆಳಗೆ ಜಾಗ ಬೇಕು. ಇಪ್ಪತ್ತೊಂದು ಇಂಚಿನ ಪಟ್ಟಿಯಲ್ಲಿ ಮೂಲ ಅಕ್ಷರಕ್ಕೆ ಉಳಿಯುವುದು ಹೆಚ್ಚೆಂದರೆ ಒಂದು ಅಡಿ. ಅದೇ ಕೆಳಗಿನ ಹದಿನಾಲ್ಕು ಇಂಚಿನಲ್ಲಿ ಇಂಗ್ಲಿಷ್ ಅಕ್ಷರವೂ ಒಂದು ಅಡಿಯ ಹತ್ತಿರ ನಿಲ್ಲಬಲ್ಲದು. ಆಗ ಜಾಗದಲ್ಲಿ ಅರವತ್ತು ಪಡೆದ ಕನ್ನಡ ನೋಟದಲ್ಲಿ ಇಂಗ್ಲಿಷಿಗೆ ಸಮವಾಗುತ್ತದೆ ಅಷ್ಟೆ. ನನ್ನ ಅಭಿಪ್ರಾಯ ಕೇಳಿದರೆ, ಕೆಳಗಿನ ಅಕ್ಷರವನ್ನು ಇನ್ನೂ ಸಣ್ಣದು ಮಾಡಿ, ಸುತ್ತ ಖಾಲಿ ಬಿಡಿ. ಬೋರ್ಡಿಗೂ ಲಕ್ಷಣ ಬರುತ್ತದೆ. ಒತ್ತಕ್ಷರವಿಲ್ಲದ ಹೆಸರಿಟ್ಟವರಿಗೆ ಇದರಲ್ಲಿ ಲಾಭವಿದೆ. ‘ಸುಮ’ ಎಂದಿಟ್ಟರೆ ಅಕ್ಷರ ಪಟ್ಟಿಯ ತುಂಬ ನಿಲ್ಲುತ್ತದೆ. ಆಕ್ರಿಲಿಕ್ ಅಕ್ಷರ ಕತ್ತರಿಸುವ ಮುನ್ನ ಕಾಗುಣಿತವನ್ನು ಕಾಗದದ ಮೇಲೆ ಓದಿ ಸಹಿ ಹಾಕಿ ಕೊಡಿ. ಅರ್ಕಾವತ್ತು ಎಲ್ಲಿಗೆ ಬರಬೇಕು ಎನ್ನುವುದು ಕಂಪ್ಯೂಟರಿಗೆ ಯಾವಾಗಲೂ ಗೊತ್ತಿರುವುದಿಲ್ಲ.

ನಕ್ಷೆಯಲ್ಲಿ ಉದ್ದ, ಎತ್ತರದ ಜೊತೆಗೆ ಇನ್ನೆರಡು ಅಳತೆ ಹಾಕಿ: ಬೋರ್ಡಿನ ತಳ ಕಾಲುದಾರಿಯಿಂದ ಎಷ್ಟು ಎತ್ತರದಲ್ಲಿದೆ, ಗೋಡೆಯಿಂದ ಎಷ್ಟು ಮುಂದೆ ಬರುತ್ತದೆ. ರಸ್ತೆಯ ಮೇಲಿನ ಗಾಳಿಯೂ ರಸ್ತೆಯದೇ. ದಸರೆಯ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆಯಲ್ಲಿ ಅಂಬಾರಿ ಹೊತ್ತ ಆನೆಯ ಎತ್ತರವನ್ನು ಒಮ್ಮೆ ನೆನೆಸಿಕೊಂಡರೆ, ಅಡ್ಡಲಾಗಿ ಚಾಚಿದ ಬೋರ್ಡ್ ಯಾಕೆ ಬೇಡ ಎನ್ನುವುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಕಾಲುದಾರಿಯ ಮೇಲೆ ಮಡಚಿ ಇಡುವ ಬೋರ್ಡುಗಳಿಗಂತೂ ಯಾವ ಅರ್ಜಿಯೂ ಉಪಯೋಗವಿಲ್ಲ. ರಸ್ತೆಗೆ ಅಡ್ಡಿಯಾಗುವ ವಸ್ತುಗಳನ್ನು ನೋಟಿಸು ಕೊಡದೆಯೇ ತೆಗೆಸುವ ಅಧಿಕಾರ ಆಯುಕ್ತರಿಗೆ ಇದೆ.

ಹಳೆಯ ಮೈಸೂರಿನ ನಡುಭಾಗದಲ್ಲಿ ಇನ್ನೂ ಒಂದು ಮಾತು ಸೇರುತ್ತದೆ. ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ, ಅರಮನೆಯ ಆಸುಪಾಸು, ಇವು ಪಾರಂಪರಿಕ ಪ್ರದೇಶಗಳು. ಇಲ್ಲಿ ಬೋರ್ಡ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಏನನ್ನು ಮುಚ್ಚುತ್ತದೆ ಎನ್ನುವುದು ಮುಖ್ಯ. ಕಮಾನಿನ ಮೇಲೆ ಅಲ್ಯೂಮಿನಿಯಂ ಹಾಳೆ ಬಡಿದರೆ ಕಮಾನೇ ಕಾಣದು. ಗಾರೆಯ ಗೋಡೆಗೆ ಡ್ರಿಲ್ ಹಾಕುವುದೂ ಕಾಂಕ್ರೀಟಿಗೆ ಹಾಕಿದಂತಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿಯಾದದ್ದು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು ಮೈಸೂರಿಗರಿಗೆ ಮರೆತಿಲ್ಲ. ಅದಕ್ಕೆ ಬೋರ್ಡುಗಳು ಕಾರಣ ಎಂದು ನಾನು ಹೇಳುತ್ತಿಲ್ಲ. ಅಷ್ಟು ಹಳೆಯ ಗೋಡೆಗೆ ಮೊಳೆ ಹೊಡೆಯುವ ಮುನ್ನ ಕೈ ತಡೆಯಬೇಕು ಎನ್ನುತ್ತಿದ್ದೇನೆ. ಶ್ರೀರಂಗಪಟ್ಟಣದಲ್ಲಾದರೆ ಕೇಂದ್ರದ ಪುರಾತತ್ವ ಕಾನೂನೇ ಬರುತ್ತದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ದರಿಯಾ ದೌಲತ್ ಹತ್ತಿರ ಗುಂಡಿ ತೋಡಿ ಕಾಂಕ್ರೀಟ್ ಸುರಿದು ಕಂಬ ನಿಲ್ಲಿಸುವ ಆಲೋಚನೆ ಇದ್ದರೆ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಿ.

ತಾರಸಿಯ ಬೋರ್ಡಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ ಕೇಳಿದಾಗ ನನ್ನ ಸ್ನೇಹಿತರಿಗೆ ಸಿಟ್ಟು ಬಂದಿತ್ತು. ಬೋರ್ಡಿನ ತೂಕ ಎಷ್ಟು ಮಹಾ, ಎಂದರು. ತೊಂದರೆ ತೂಕದ್ದಲ್ಲ, ಗಾಳಿಯದ್ದು. ಅಗಲವಾದ ಹಾಳೆ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ. ವಿಸ್ತೀರ್ಣ ಎರಡು ಪಟ್ಟಾದರೆ ತಳ್ಳುವ ಬಲವೂ ಎರಡು ಪಟ್ಟು, ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಮೈಸೂರಿನ ಮರಗಳೇ ಉರುಳುತ್ತವೆ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನರ ಜೀವ ತೆಗೆದ ಹೋರ್ಡಿಂಗ್‌ನ ಉದ್ದ, ಎತ್ತರ ಎರಡೂ 120 ಅಡಿಗೆ ಕಡಿಮೆ ಇರಲಿಲ್ಲ. ಅಲ್ಲಿನ ಪಾಲಿಕೆ ಆಗ ಹೆಚ್ಚೆಂದರೆ ಒಪ್ಪುತ್ತಿದ್ದದ್ದು 40 ಗುಣಿಸು 40 ಅಡಿಯನ್ನು. ಆ ಪ್ರಮಾಣಪತ್ರದ ಹಿಂದೆ ಇಂಥ ಲೆಕ್ಕ ಇರುತ್ತದೆ.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ದೀಪದ ಬೋರ್ಡಾದರೆ ವೈರನ್ನು ಅಂಗಡಿಯ ಮೀಟರಿನಿಂದಲೇ, ಪ್ರತ್ಯೇಕ ಸ್ವಿಚ್ ಇಟ್ಟು, ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ವಿದ್ಯುತ್ ಕಂಪನಿ ಸೆಸ್ಕ್‌ನ ತಂತಿ ಬೋರ್ಡಿನ ಹತ್ತಿರ ಹಾದುಹೋಗಿದ್ದರೆ ಅದನ್ನೂ ನಕ್ಷೆಯಲ್ಲಿ ತೋರಿಸಿ.

ದುಡ್ಡಿನ ವಿಷಯದಲ್ಲಿ ಒಂದು ಗೊಂದಲ ಆಗಾಗ ಕೇಳಿಬರುತ್ತದೆ: ‘ಜಿಎಸ್‌ಟಿ ಬಂದ ಮೇಲೆ ಜಾಹೀರಾತು ತೆರಿಗೆ ಹೋಯಿತಲ್ಲ?’ ಇದರಲ್ಲಿ ಅರ್ಧ ನಿಜವಿದೆ. 2016ರ ಸಂವಿಧಾನ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ಜಾಹೀರಾತು ತೆರಿಗೆಯ ನಮೂದನ್ನು ತೆಗೆದುಹಾಕಿದರು. ಇದನ್ನೇ ಹಿಡಿದು ಹುಬ್ಬಳ್ಳಿ–ಧಾರವಾಡದ ಜಾಹೀರಾತುದಾರರು ಹೈಕೋರ್ಟಿಗೆ ಹೋದರು. 2022ರಲ್ಲಿ ಧಾರವಾಡ ಪೀಠ, ಜಿಎಸ್‌ಟಿ ವಸೂಲಿಗೂ ಸೆಕ್ಷನ್ 134ರ ಕೆಳಗಿನ ಪಾಲಿಕೆಯ ವಸೂಲಿಗೂ ಘರ್ಷಣೆಯಿಲ್ಲ ಎಂದಿತು. ಆದ್ದರಿಂದ ತೆರಿಗೆ ಎನ್ನಿ, ಶುಲ್ಕ ಎನ್ನಿ, ಪಾಲಿಕೆಯ ಬೇಡಿಕೆ ಪತ್ರ ಬಂದರೆ ಜಿಎಸ್‌ಟಿ ರಸೀದಿ ತೋರಿಸಿ ತಪ್ಪಿಸಿಕೊಳ್ಳಲಾಗದು. ದರವನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಚದರ ಅಡಿಗೋ ಚದರ ಮೀಟರಿಗೋ ಎಂದು ವಿಚಾರಿಸಿ. ಒಂದು ಚದರ ಮೀಟರ್ ಎಂದರೆ ಸುಮಾರು 10.76 ಚದರಡಿ, ಈ ಒಂದು ಪದ ತಪ್ಪಿ ಕೇಳಿಸಿಕೊಂಡರೆ ಮೊತ್ತ ಹತ್ತು ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಅನುಮತಿ ಸಿಕ್ಕ ಮೇಲೆ ಅದನ್ನು ದೇವರ ಪಟದ ಹಿಂದೆ ಇಟ್ಟು ಮರೆಯುವಂತಿಲ್ಲ. ಅನುಮತಿಗೆ ಅವಧಿ ಇರುತ್ತದೆ. ಅವಧಿಯೊಳಗೇ ಅದು ರದ್ದಾಗುವ ಸಂದರ್ಭಗಳನ್ನು ಸೆಕ್ಷನ್ 136 ಹೇಳುತ್ತದೆ: ಕೇಳದೆ ಬೋರ್ಡನ್ನು ಬದಲಿಸಿದರೆ, ಅಪಘಾತವಲ್ಲದೆ ಬೋರ್ಡ್ ಬಿದ್ದರೆ, ಬೋರ್ಡನ್ನು ಕದಲಿಸುವಂತೆ ಕಟ್ಟಡದ ರಿಪೇರಿ ನಡೆದರೆ, ಕಟ್ಟಡ ಖಾಲಿಯಾದರೆ ಅಥವಾ ಕೆಡವಿದರೆ. ದೀಪಾವಳಿಗೆಂದು ಸಾದಾ ಬೋರ್ಡಿಗೆ ಮಿನುಗುವ ಎಲ್‌ಇಡಿ ಸೇರಿಸುವುದೂ ಬದಲಾವಣೆಯೇ. ಅನುಮತಿಯಿಲ್ಲದ ಜಾಹೀರಾತಿಗೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಬೇರೆ ಇದೆ. ಅದರಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನೋಟಿಸು ಬಂದರೆ ಅದರಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಮೊದಲು ಓದಿ, ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ನನ್ನ ಸ್ನೇಹಿತರು ಕಂಬದ ಬೋರ್ಡನ್ನು ಕಂಪನಿಗೆ ವಾಪಸು ಕಳಿಸಿದರು. ಶಟರ್ ಮೇಲಿನದನ್ನು ಅಳತೆ ಸರಿಮಾಡಿ ಮತ್ತೆ ಬರೆಸಿದರು. ಪೂಜೆಯ ದಿನ ಬಣ್ಣ ಒಣಗಿರಲಿಲ್ಲವಾದ್ದರಿಂದ ಪುರೋಹಿತರು ದೂರದಿಂದಲೇ ಅಕ್ಷತೆ ಹಾಕಿದರು. ಮೂರನೆಯದಕ್ಕೆ ಮಾಡಿಸಿದ್ದ ಕಬ್ಬಿಣದ ಚೌಕಟ್ಟು ಈಗಲೂ ತಾರಸಿಯ ಮೇಲೆ ಮಲಗಿದೆ. ಬೇಸಿಗೆಯಲ್ಲಿ ಅವರ ಮನೆಯವರು ಅದರ ಮೇಲೆ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಾರೆ.